ಸಭೆ ಬಂದ್, ನೀರು ಚಾಲೂ

ಹೋದ ಭಾನುವಾರ ದೋರನಹಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಗಂಡ ಬಸಣ್ಣ ಮಾಮಾ ಅಂಗಳದಲ್ಲಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು. ನನಗೆ ಗಾಬರಿಯಾಯಿತು. ಭತ್ತ ಹೊಡೆ ಹಾಯುವ, ನೀರಿಗಾಗಿ ಹಗಲಿರುಳು ಓಡಾಡುವ ಹೊತ್ತಿನಲ್ಲಿ ಮಾಮಾ ಹೀಗೆ ಆರಾಮಾಗಿ ಕೂತದ್ದನ್ನು ನಾನು ನೋಡಿಯೇ ಇಲ್ಲ. (ಬಿ.ಪಿ. ಮಾತ್ರೆ ಬದಲಾಗಿದೆಯೇನೋ ಅಂದುಕೊಂಡೆ.)

"ಸಭಿ ಬಂದ್ ಮಾಡೀವಿ ನೋಡಪಾ. ತಲಿನೋವು ಹೋಯ್ತು" ಅಂದರು.

ಯಾವ ಸಭೆ? ಕಾಲುವೆ ನೀರಿನ ಸಭೆ. ನಮ್ಮ ಶಹಾಪುರದ ಕಡೆ ಕಾಲುವೆ ನೀರು ಸರದಿಯ ಮೇಲೆ ಹರಿಯುತ್ತದೆ, ಅದಕ್ಕೆ ವಾರಾಬಂದಿ ಅನ್ನುತ್ತೇವೆ. ಇವತ್ತು ನಿನ್ನ ಹೊಲ, ನಾಳೆ ನನ್ನದು. ಯಾರ ಪಾಳಿ ಯಾವಾಗ ಅನ್ನುವುದನ್ನು ರೈತರೇ ಆರಿಸಿದ ಕಮಿಟಿ ಸಭೆ ಕರೆದು ತೀರ್ಮಾನಿಸಬೇಕು. ಮಾಮಾ ಆ ಕಮಿಟಿಯ ಮೆಂಬರ್.

ಆ ಸಭೆ ಹೇಗಿರುತ್ತಿತ್ತು ಅಂತೀರಿ? ಚೇರ್ಮನ್ ತಡವಾಗಿ ಬರುವುದು. ಮೇಲಿನ ಹೊಲದವರು ಕೂಗಾಡುವುದು. ನೀರು ಮುಟ್ಟದ ತುದಿಯ ಹೊಲದವರು ಅವರ ಅಪ್ಪ, ಅಜ್ಜರನ್ನೆಲ್ಲ ಎಳೆದು ತರುವುದು. ಕೊನೆಗೆ ಏನೂ ಆಗದೆ ಎಲ್ಲರೂ ಧೋತರ ಝಾಡಿಸಿ ಎದ್ದು ಹೋಗುವುದು. ನೀರು ಕದಿಯುವವರು ಕದಿಯುತ್ತಲೇ ಇದ್ದರು. (ಅವರಲ್ಲಿ ಕೆಲವರು ಕಮಿಟಿಯಲ್ಲೇ ಇದ್ದರು. ಅದನ್ನೂ ಹೇಳಿಬಿಡಬೇಕು.)

ಆಗ ಬಂದರು ಯಾವುದೋ ಸಂಘಟನೆಯ ಹುಡುಗರು. ಎಲ್ಲರಿಗೂ ಒಂದೇ ಬಣ್ಣದ ಶಾಲು, ಕೈಯಲ್ಲಿ ಕೋಲು, ಬಾಯಲ್ಲಿ ಶಿಸ್ತಿನ ಮಾತು. "ಕಾಲುವಿ ನಾವು ಕಾಯ್ತೀವಿ, ನೀವು ಮನ್ಯಾಗ ಆರಾಮ ಇರ್ರಿ" ಅಂದರು. ಬಂದ ಕೆಲವೇ ದಿನಕ್ಕೆ ಕಾಲುವೆ ಗೇಟಿನ ಬೀಗ ಮುರಿದವನೊಬ್ಬನನ್ನು ಹಿಡಿದು ಬಡಿದರು. ಅವನು ನಿಜವಾಗಿಯೂ ಕಳ್ಳ. ಊರು ಚಪ್ಪಾಳೆ ಹೊಡೆಯಿತು. ತುದಿಯ ಹೊಲಕ್ಕೂ ನೀರು ಮುಟ್ಟಿತು. ಹೀಗಿರುವಾಗ ಚಪ್ಪಾಳೆ ಹೊಡೆದವರನ್ನು ಯಾವ ಬಾಯಿಂದ ಬೈಯಲಿ?

ಮುಂದಿನ ಸಭೆಗೆ ಅವರ ಲೀಡರ್ ಬಂದು ಒಂದೇ ಮಾತು ಕೇಳಿದನಂತೆ: "ಬಡಿದಾಡ್ಲಾಕ ಒಂದು ಸಭಿ ಯಾಕ ಬೇಕ್ರಿ?" ಎಲ್ಲರೂ ಕೈ ಎತ್ತಿ ಸಭೆಯನ್ನೇ ರದ್ದು ಮಾಡಿದರು. ಪದ್ಧತಿ ಪ್ರಕಾರ, ಬಹುಮತದಿಂದ, ಮಿರ್ಚಿ ಭಜಿ ತಿಂದು. ಪಕ್ಕದ ಹೊಲದ ಖಾಜಾಸಾಬನೂ ಕೈ ಎತ್ತಿದ್ದ.

ಫ್ಯಾಸಿಸಂ ಅಂದರೆ ನಮಗೆ ಬೂಟಿನ ಸದ್ದು, ಪರದೇಶ, ಕಪ್ಪು-ಬಿಳುಪು ಫೋಟೋ. ಅದು ಬಾಗಿಲು ಒಡೆದೇ ಬರಬೇಕೆಂದು ಯಾರು ಹೇಳಿದರು? ಬೇಸತ್ತ ಜನ ತಾವೇ ಕರೆದು ಚಾಪೆ ಹಾಸಿದರೆ ಒಡೆಯುವ ಶ್ರಮವಾದರೂ ಯಾಕೆ?

ಮಾಮಾನ ಚಹಾ ಮುಗಿಯುವಷ್ಟರಲ್ಲಿ ಖಾಜಾಸಾಬನೇ ಬಂದ. ಕೂತುಕೊಳ್ಳಲಿಲ್ಲ.

"ಬಸಣ್ಣಾ, ನನ್ನ ಪಾಳಿ ಮತ್ತ ತಪ್ಪಿಸ್ಯಾರ. ಈಗ ನೀರು ಸಿಗ್ಲಿಲ್ಲಂದ್ರ ಕಾಳೇ ಕಟ್ಟಂಗಿಲ್ಲ, ಎಲ್ಲಾ ಜೊಳ್ಳಾಗ್ತದ."

"ಯಾಕಂತ?" ನಾನು ಕೇಳಿದೆ.

"ಮೊದಲ ನಮ್ಮ ಮಂದಿಗಿ, ಉಳಿದ್ರ ನಿನಗ ಅಂತಾರ್ರಿ."

ಒಳಗಿಂದ ಅಕ್ಕ ಬಂದಳು. "ಇವರಜ್ಜ, ನಮ್ಮಜ್ಜ ಕೂಡೇ ಕಾಲುವಿ ಮಣ್ಣು ಹೊತ್ತಾರ. ಇವ ನಮ್ಮ ಮಂದಿ ಅಲ್ಲಂದ್ರ ಮತ್ತ್ಯಾರು?"

"ಹಂಗಾದ್ರ ಅವನ ಪಾಳಿ ನೀರು ಎಲ್ಲಿ ಹೋಗ್ಲಾಕತ್ತದ?" ಅಂದೆ.

ಮಾಮಾ ಕಪ್ಪಿನ ತಳ ನೋಡಿದರು. ಅಕ್ಕನೇ ಹೇಳಿದಳು: "ನಮ್ಮ ಹೊಲಕ್ಕ."

ಮಾಮಾನ ಆರಾಮದ ಗುಟ್ಟು ಆಗ ಗೊತ್ತಾಯಿತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಮಾಮಾ ಕೆಟ್ಟ ಮನುಷ್ಯ ಅಲ್ಲ. ಖಾಜಾಸಾಬನ ಮಗಳ ಲಗ್ನದಲ್ಲಿ ಮುಂದೆ ನಿಂತು ಓಡಾಡಿದವರು. ಆದರೆ ಹೊಲ ಹಸಿರಾಗಿದ್ದಾಗ ಬಾಯಿ ಯಾಕೆ ತೆರೆಯಬೇಕು?

ಖಾಜಾಸಾಬ ಗೋಡೆ ಹಿಡಿದು ನಿಂತಿದ್ದ. "ನೀರು ಕೇಳ್ಲಾಕ ಬಂದಿಲ್ಲ ಬಸಣ್ಣಾ. ನೀ ಕಮಿಟಿ ಮೆಂಬರ್ ಇದ್ದಿ. ಒಂದ್ಸಲ ಸಭಿ ಕರಿ. ಎಲ್ಲರ ಮುಂದ ನನ್ನ ಮಾತು ಹೇಳ್ತೀನಿ, ಸಾಕು."

ಮಾಮಾ ಎದ್ದು ಅವನ ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ನಿಜವಾದ ಅಕ್ಕರೆಯಿಂದಲೇ ಅಂದರು:

"ಕರೀತೀನಿ ತಮ್ಮಾ, ಯಾಕ ಕರೀಬಾರ್ದು? ಆ ಹುಡುಗರಿಗಿ ಒಂದು ಮಾತು ಕೇಳಿ ಹೇಳ್ತೀನಿ."