ಮೊಳೆಯಿಲ್ಲದ ಚಾಪೆಲ್

ಇಂದು ಬಡಿಗೇರ್ ಎಂಬವಳಿಗೆ ಕೋಪ ಮೂಗಿನ ತುದಿಯಲ್ಲೇ. ಇಳಕಲ್ಲಿನಲ್ಲಿ ಎತ್ತಿನ ಗಾಡಿ ಕಟ್ಟುತ್ತಿದ್ದ ಬಡಿಗನ ಮಗಳು. ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಇಪ್ಪತ್ತಾರು ವರ್ಷ, ಕಾರಿನ ಚೌಕಟ್ಟು ಎಷ್ಟು ಭಾರ ತಾಳುತ್ತದೆಂದು ಲೆಕ್ಕ ಹಾಕಿದವಳು. ಅಂಥವಳ ಕೈಗೆ ಆ ವರದಿ ಸಿಗಬಾರದಿತ್ತು.

ಅವಳ ಬಡಾವಣೆಯಾಚೆ, ಮೆಕ್ಕೆಜೋಳದ ಹೊಲಗಳ ನಡುವೆ, ಮೂವತ್ತು ವರ್ಷದಿಂದ ಬೀಗ ಜಡಿದ ಚಾಪೆಲ್, ಅಂದರೆ ಪುಟ್ಟ ಚರ್ಚು, ಒಂದಿದೆ. ಇಂಗ್ಲೆಂಡಿನ ಸರ್ಕಾರಿ ಚರ್ಚಿಗೆ ತಲೆಬಾಗಲಾರೆವೆಂದು ಹೊರಟುಬಂದ ರೈತರು ಕಟ್ಟಿದ್ದು. ಬಿಷಪ್ ಬೇಡ, ಗೋಪುರ ಬೇಡ, ಬಣ್ಣದ ಗಾಜೂ ಬೇಡ ಎಂದವರು. ಅವರಿಗೆ ಕಟ್ಟಲು ಬರುತ್ತಿದ್ದುದು ಹುಲ್ಲು ತುಂಬುವ ಕೊಟ್ಟಿಗೆಯೊಂದೇ. ದೇವರಿಗೂ ಅದನ್ನೇ ಕಟ್ಟಿಕೊಟ್ಟರು. ತೊಲೆಗೆ ತೂತು ಕೊರೆದು, ಇನ್ನೊಂದರ ತುದಿ ಕೂರಿಸಿ, ಓಕ್ ಮರದ ಗೂಟ ಬಡಿದರು.

ಟೌನ್‌ಶಿಪ್‌ ಎಂಬ ಸ್ಥಳೀಯ ಆಡಳಿತ ತರಿಸಿದ ವರದಿ ಅದನ್ನೇ ತಪ್ಪೆಂದಿತು: ಮೊಳೆಯಿಲ್ಲ, ಬೋಲ್ಟಿಲ್ಲ, ಹಿಮದ ಭಾರಕ್ಕೆ ಚಾವಣಿ ಕುಸಿಯುತ್ತದೆ, ಕೆಡವಿ.

"ನಮ್ದಲ್ಲದ ಚರ್ಚು. ನಿಂಗ್ಯಾಕೆ ಇಲ್ಲದ ಉಸಾಬರಿ?" ಎಂದ ಗಂಡ ಉಪೇಂದ್ರ. ಮೈಸೂರಿನವನು, ಜಗಳವೆಂದರೆ ಮಾರು ದೂರ.

"ದೇವ್ರು ಯಾರದರ ಇರ್ಲಿ, ಕೆಲಸ ಬಡಿಗ್ಯಾರದು. ನಮ್ಮಪ್ಪನ ಗಾಡ್ಯಾಗೂ ಗೂಟಾನ ಇದ್ವು. ಕಲ್ಲು ಹೇರಿದ್ರೂ ಅಲುಗ್ತಿದ್ದಿಲ್ಲ."

ಟೌನ್‌ಶಿಪ್ ಸಭೆಯಲ್ಲಿ ಎದ್ದು ನಿಂತು, ವರದಿ ಬರೆದವನು ಅಟ್ಟ ಹತ್ತಿಯೇ ನೋಡಿಲ್ಲ ಎಂದಳು. ಹಿಮ ಬಿದ್ದಾಗ ಅದರಡಿ ನೀವು ಕೂರುತ್ತೀರಾ ಎಂದು ಅಧ್ಯಕ್ಷ ನಕ್ಕ. ಕೂರುತ್ತೇನೆ, ಕೀಲಿ ಕೊಡಿ. ತೊಲೆ ಅರ್ಧ ಇಂಚು ಬಾಗಿದರೆ ಕೆಡವಿ, ಇಲ್ಲವಾದರೆ ಅದರ ತಂಟೆಗೆ ಬರಬೇಡಿ ಎಂದಳು. ಅಷ್ಟು ಜನರೆದುರು ಅವನಿಗೆ ಹಿಂದೆಗೆಯಲಾಗಲಿಲ್ಲ. ಸತ್ತರೆ ನಮ್ಮ ಹೊಣೆಯಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಕೀಲಿ ಕೊಟ್ಟ.

ಫೆಬ್ರವರಿಯಲ್ಲಿ ಹಿಮಗಾಳಿಯ ಎಚ್ಚರಿಕೆ ಬಂದ ಬೆಳಿಗ್ಗೆ ಅವಳು ನಡುತೊಲೆಯಿಂದ ತಂತಿ ಇಳಿಬಿಟ್ಟು ಗುಂಡು ಕಟ್ಟಿದಳು. ತೊಲೆ ಬಾಗಿದಷ್ಟೂ ಗುಂಡು ಇಳಿಯುವುದನ್ನು ಅಳೆಯಲು ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ, ಕುರ್ಚಿ ಹಾಕಿ ಕುಳಿತಳು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳಾದೀತು. ಮಧ್ಯಾಹ್ನ ತೊಲೆ ಲಟಕ್ಕೆಂದಾಗ ಎದ್ದು ಬಾಗಿಲವರೆಗೂ ಓಡಿದಳು. ತನ್ನ ಮೇಲೆಯೇ ಸಿಟ್ಟು ಬಂದು ವಾಪಸು ಬಂದು ಕುಳಿತಳು.

ಮೂರು ಗಂಟೆಗೆ ಚಾವಣಿಯ ಮೇಲೆ ಹದಿನಾಲ್ಕು ಇಂಚು ಹಿಮ. ಅಧ್ಯಕ್ಷ ಬಂದು ಹೊಸ್ತಿಲಲ್ಲೇ ನಿಂತು, ಎಷ್ಟು ಬಾಗಿದೆ ಎಂದು ಕೇಳಿದ.

"ಒಳಗೆ ಬಂದು ನೀವೇ ನೋಡಿ," ಎಂದಳು ಇಂದು. ಕುರ್ಚಿಯಿಂದ ಏಳಲಿಲ್ಲ.

ಅವನು ಮೇಲೆ ನೋಡಿದ. ಹೊರಗೆ ನೋಡಿದ. ಕೊನೆಗೆ ಮೆಲ್ಲಗೆ ಒಳಗೆ ಬಂದ. ಗುಂಡು ನೆಲದ ಹತ್ತಿರವಿತ್ತು. ಅಳತೆ ಓದಲು ಅವಳ ಪಕ್ಕ ಮಂಡಿಯೂರಬೇಕಾಯಿತು.

"ಇಂಚಿನ ಎಂಟನೇ ಒಂದು ಭಾಗ," ಎಂದ.

"ಬರೆದುಕೊಳ್ಳಿ," ಎಂದಳು.