ನರ್ಸಮ್ಮನಿಗೆ ಹೇಳಿದ ಸುಳ್ಳು

ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ: ನನ್ನ ಅಜ್ಜಿಗೆ ನಾನೊಂದು ಸುಳ್ಳು ಹೇಳಿದ್ದೆ. ಇವತ್ತು ಅವಳ ಟ್ರಂಕ್ ತೆರೆದಾಗ ಸ್ಪಿರಿಟ್ ವಾಸನೆ ಬಂತು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಅಜ್ಜಿ ಆದೋನಿ ಕಡೆಯವರಿಗೆಲ್ಲ ನರ್ಸಮ್ಮ. ಐದು ಮಕ್ಕಳನ್ನು ಸಾಕಿದಳು. ನಿವೃತ್ತಿಯಾದ ಮೇಲೂ, ಎಂಬತ್ತು ದಾಟುವವರೆಗೆ, ಸಂಬಳವಿಲ್ಲದೆ ಆಸ್ಪತ್ರೆಯ ವಾರ್ಡಿಗೆ ಹೋದಳು. ರಜೆಯಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದಳು. ಗುಣವಾಗಿ ಹೊರಟವರು "ಬರ್ತೀನಿ" ಅಂದರೆ ಗದರುತ್ತಿದ್ದಳು: "ಮನ್ಯಾಗಾದ್ರ ಬರ್ತೀನಿ ಅನ್ನು. ಇಲ್ಲಿ ಹೋಗ್ತೀನಿ ಅನ್ನು, ಮತ್ತ ಬರಬ್ಯಾಡ!"

ಹಾಲಹರವಿಯ ಈರಮ್ಮ ಎಂಬ ರೋಗಿ ಮಂಚದ ಮೇಲೆ ಕೂತೇ ನನಗೆ ಜಡೆ ಹೆಣೆಯುತ್ತಿದ್ದಳು. ಅವಳು ಹೊರಟಾಗ ನಾನು ಮರೆತು "ಹೋಗಿ ಬಾ ಅತ್ತಿ" ಅಂದುಬಿಟ್ಟೆ. ವಾರದೊಳಗೆ ಜ್ವರ ಮರುಕಳಿಸಿ ಅವಳನ್ನು ಮತ್ತೆ ಕರೆತಂದರು.

"ನಿಮ್ಮ ಮೊಮ್ಮಗಳು ಬಾ ಅಂದಿದ್ಲು ನರ್ಸಮ್ಮ, ಬಂದೀನಿ ನೋಡ್ರಿ," ಎಂದು ನಕ್ಕಳು.

ಅಜ್ಜಿ ನನ್ನತ್ತ ತಿರುಗಿದಳು. "ಅಂದಿಯೇನು?"

"ಇಲ್ಲಜ್ಜಿ. ನಾ ಅಂದಿಲ್ಲ."

"ನನ್ನ ಕೂಸು ಸುಳ್ಳು ಹೇಳಂಗಿಲ್ಲ. ಜ್ವರದಾಗ ಬಡಬಡಿಸಬ್ಯಾಡ, ಸುಮ್ನ ಮಲಕ್ಕೋ," ಎಂದು ಅಜ್ಜಿ ಅವಳನ್ನೇ ಬೈದಳು.

ಈರಮ್ಮ ನನ್ನನ್ನು ನೋಡಿ, ಗೋಡೆಯ ಕಡೆ ಮಗ್ಗುಲಾದಳು. ಅವಳು ಗುಣವಾಗಿ ಹೊರಟ ದಿನ ನಾನು ಔಷಧಿ ಕೋಣೆಯಲ್ಲಿ ಅಡಗಿ ಕೂತೆ. ಆಮೇಲೆ ವಾರ್ಡಿಗೆ ಕಾಲಿಡಲಿಲ್ಲ. "ಪಾಪ, ಅದಕ್ಕ ರಕ್ತ ಕಂಡ್ರ ಆಗಂಗಿಲ್ಲ," ಎಂದು ಅಜ್ಜಿ ಸಾಯುವವರೆಗೂ ಎಲ್ಲರಿಗೂ ಹೇಳಿದಳು. ನಾನು ತಿದ್ದಲಿಲ್ಲ.

ಬಾ ಅಂದರೆ ಜ್ವರ ಬರುವುದಿಲ್ಲ ಎಂದು ಈಗ ಗೊತ್ತು. ಸುಳ್ಳು ಮಾತ್ರ ನನ್ನದೇ.

ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನನಗೆ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಸಿಕ್ಕಿದೆ. ಅಜ್ಜಿಯ ಟ್ರಂಕಿನಲ್ಲೇ ಬಟ್ಟೆ ತುಂಬಿಕೊಂಡು ನಾಳೆ ಹೊರಡುತ್ತೇನೆ, ಮತ್ತೆ ವಾರ್ಡಿಗೆ.