ಎದುರು ಕುಂತಾಕಿಯ ಬಳೆ ಸಪ್ಪಳ

ಆಡಕಿಯ ಹಣಮವ್ವನ ಅಂಗೈಯನ್ನು ಒಮ್ಮೆ ನೋಡಬೇಕು. ಗೆರೆ ಅನ್ನುವುದೇ ಇಲ್ಲ, ನೆಲಕ್ಕೆ ಹಾಸಿ ಉಜ್ಜಿದ ಪರಸಿ ಕಲ್ಲಿನ ಹಾಗೆ ನುಣ್ಣಗಿದೆ. ಪಡಿತರ ಅಂಗಡಿಯ ಯಂತ್ರ ಅವಳ ಹೆಬ್ಬೆರಳನ್ನು ನಾಲ್ಕು ಸಲ ಒತ್ತಿಸಿಕೊಂಡು ನಾಲ್ಕು ಸಲವೂ ಒಲ್ಲೆ ಅಂದಿತ್ತು. ಕೈ ನೋಡಿ ಕಣಿ ಹೇಳುವವನೊಬ್ಬ ಬಾಗಿಲಿಗೆ ಬಂದಾಗಲೂ ಹಾಗೆಯೇ ಆಯಿತು. ಅವನು ಅವಳ ಕೈಯನ್ನು ಬಿಸಿಲಿಗೆ ಹಿಡಿದು ನೋಡಿ, "ಏನೂ ಕಾಣವಲ್ದವ್ವಾ" ಅಂದ.

"ಕಾಣ್ದಿದ್ರ ಛಲೋ ಆತು. ಎಪ್ಪತ್ತು ದಾಟೀನಿ, ಇನ್ನೇನ ಹೇಳಾಂವ ನೀ? ಚಾ ಕುಡದು ಹೋಗು" ಅಂದಳಂತೆ ಹಣಮವ್ವ.

ಹುಟ್ಟಿದ್ದು ಚಿಂಚೋಳಿ ಕಡೆಯ ಚಿಮ್ಮನಚೋಡದಲ್ಲಿ. ಆಡಕಿಗೆ ಸೊಸೆಯಾಗಿ ಬಂದಾಗ ಮನೆ ತುಂಬ ಹದಿನಾಲ್ಕು ಬಾಯಿ, ಅಷ್ಟಕ್ಕೂ ರೊಟ್ಟಿ, ರೊಟ್ಟಿಗೆ ಜೋಳದ ಹಿಟ್ಟು. ಬೀಸುವ ಕಲ್ಲಿನ ಮುಂದೆ ಆಗಲೇ ಒಬ್ಬಳು ಕೂತಿದ್ದಳು. ಅವಳು ಭಾವನ ಹೆಂಡತಿ, ನೆಗೆಣ್ಣಿ ಅಮೃತಮ್ಮ. ಎದುರಿನ ಜಾಗ ಖಾಲಿ ಇತ್ತು. ಹಣಮವ್ವ ಹೋಗಿ ಅಲ್ಲಿ ಕೂತಳು. ಊರಿಗೆ ಗಿರಣಿ ಬರುವ ತನಕ ಹದಿನಾರು ವರ್ಷ ದಿನಾ ಅಲ್ಲೇ ಕೂತಳು. ಆಮೇಲೆ ಮನೆ ಪಾಲಾಗಿ ನಡುವೆ ಗೋಡೆ ಎದ್ದಿತು. ಕಲ್ಲು ಹಣಮವ್ವನ ಪಾಲಿಗೆ ಬಂತು. ವರ್ಷಕ್ಕೊಮ್ಮೆ ತೊಗರಿ ಒಡೆಯುವುದು ಬಿಟ್ಟರೆ ಅದಕ್ಕೀಗ ಕೆಲಸವಿಲ್ಲ. ಗೋಡೆಯಾಚೆಯ ಅಮೃತಮ್ಮನಿಗೆ ಈಗ ಕಿವಿ ಪೂರ್ತಿ ಹೋಗಿದೆ.

ಹಣಮವ್ವನ ಮೊಮ್ಮಗಳು ಭಾಗ್ಯ. ದಿನಾ ಬಸ್ಸು ಹಿಡಿದು ಸೇಡಮ್ಮಿಗೆ ಹೋಗಿ ಬಿ.ಎ. ಓದುತ್ತಾಳೆ, ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಕನ್ನಡ ತರಗತಿಯಲ್ಲಿ ಒಂದು ಪದ್ಯ ಕೊಟ್ಟು, ಸಾಲು ಸಾಲಾಗಿ ಬಿಡಿಸಿ ವಿಶ್ಲೇಷಣೆ ಬರೆಯಲು ಹೇಳಿದ್ದರು. ಬಾಯಿಂದ ಬಾಯಿಗೆ ಬಂದ ಬೀಸುವ ಹಾಡು, ಮೂರೇ ಸಾಲು:

ತವರೂರು ದೂರಾತು, ದಾರಿ ಸವೆಯವಲ್ದು
ಸವೆದಾವ ಅಂಗೈಯ ಗೆರಿಯೆಲ್ಲ, ಗೂಟಕ್ಕ
ಹವಳಬಣ್ಣದ ಬಳಿ ಸಪ್ಪಳಕ ಬೆಳಗಾತು

ಭಾಗ್ಯ ಹೆಣ್ಣಿನ ಕಷ್ಟ, ಒಂಟಿತನ, ಕಣ್ಣೀರು ಎಂದು ನಾಲ್ಕು ಪುಟ ಬರೆದಳು. ಪಾಠ ಹೇಳುವ ಹರಿಪ್ರಿಯಾ ಮೇಡಂ ಶಹಾಬಾದದಿಂದ ರೈಲಿನಲ್ಲಿ ಬರುವವರು. ಓದಿ ಮುಗಿಸಿ, ಹಾಳೆಗಳನ್ನು ಮೆಲ್ಲಗೆ ಹಿಂದಕ್ಕೆ ಕೊಟ್ಟರು.

"ನೀ ಬರ್ದಿದ್ದು ಸುಳ್ಳಲ್ಲ ಭಾಗ್ಯಾ. ಆದ್ರ ಇದು ಯಾವ ಪದ್ಯಕ್ಕ ಹಚ್ಚಿದ್ರೂ ಹತ್ತತದ. ಈ ಪದ್ಯದಾಗ ಎಲ್ಲದ? ಬೆರಳಿಟ್ಟು ತೋರಿಸು. ಗುರುವಾರ ಮತ್ತ ಬರ್ಕೊಂಡು ಬಂದು ಎಲ್ಲಾರ ಮುಂದ ಓದು."

ಗುರುವಾರವೂ ತಪ್ಪಿದರೆ ಆಂತರಿಕ ಅಂಕ ಹೋದಂತೆ. ಅದಕ್ಕಿಂತ ಹೆಚ್ಚಾಗಿ, ಕನ್ನಡ ತನ್ನ ಕೈಗೆ ಹತ್ತುವ ವಿಷಯವಲ್ಲವೇನೋ ಎಂಬ ಅಂಜಿಕೆ ಅವಳಿಗೆ ಶುರುವಾಯಿತು.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಹಣಮವ್ವ ತೊಗರಿ ಕೇರುತ್ತಿದ್ದಳು. ಭಾಗ್ಯ ಪಕ್ಕದಲ್ಲಿ ಕೂತು ಪದ್ಯವನ್ನು ಮತ್ತೆ ಮತ್ತೆ ಓದುತ್ತಿದ್ದಳು. ನಾಲ್ಕನೇ ಸಲಕ್ಕೆ ಮೊರ ನಿಂತಿತು.

"ಏ ಹುಡುಗಿ, ಹಂಗ್ಯಾಕ ಅಳಕೋತ ಓದ್ಲಿಕತ್ತಿ?"

"ದುಃಖದ ಪದ್ಯ ಆಯಿ ಇದು."

"ಯಾವಾಕಿ ಅಂದಾಕಿ? ಅದು ಒಬ್ಬಾಕಿ ಹಾಡಲ್ಲ, ಇಬ್ಬರದು. ದಾರಿ ಸವೆಯವಲ್ದು ಅಂತ ಒಬ್ಬಾಕಿ ತವರಿಗಿ ಹಂಬಲಸ್ತಾಳ. ಎದುರಿನಾಕಿ ಸುಮ್ಮ ಕುಂದರ್ತಾಳೇನು? ನಿನ್ನ ದಾರಿ ಸವೀಲಿಲ್ಲ ಖರೆ, ನಿನ್ನ ಕೂಡ ಬೀಸಿ ಬೀಸಿ ನನ್ನ ಕೈ ಸವದ್ವು ನೋಡವ್ವ ಅಂತ ಚಾಷ್ಟಿ ಮಾಡ್ತಾಳ. ಇಲ್ಲಿಗಿ ಬಂದ್ರ ನಾವು ನಗತಿದ್ದಿವಿ. ಅತ್ತಿ ಬಂದು ಬೈದ್ರೂ ಬಾಯಿ ಮುಚ್ಚಿ ನಗತಿದ್ದಿವಿ."

ಭಾಗ್ಯ ಪುಸ್ತಕವನ್ನೂ ಆಯಿಯನ್ನೂ ನೋಡಿದಳು. ಎರಡನೇ ಸಾಲಿನಲ್ಲಿ ನಗು ಇದೆಯೇ? ಇಷ್ಟು ದಿನ ಅದೇ ಸಾಲಿನ ಮೇಲೆ ಅವಳು ಒಂದೂವರೆ ಪುಟ ಅತ್ತಿದ್ದಳು.

"ಆದ್ರ ಆಯಿ, ಇಬ್ಬರು ಅಂತ ಇದ್ರಾಗ ಎಲ್ಲೂ ಬರ್ದಿಲ್ಲ. ಮೇಡಂ ಬೆರಳಿಟ್ಟು ತೋರ್ಸಂತಾರ."

"ಬಳಿ ಸಪ್ಪಳ ಅಂತ ಅದ ಇಲ್ಲೋ? ಯಾರ ಬಳಿ ಅವು?"

"ಬೀಸಾಕಿವು."

"ಎದ್ದು ಬಾ."

ಮೂಲೆಯ ಕಲ್ಲನ್ನು ಒರೆಸಿದ್ದಾಯಿತು. ಹಣಮವ್ವ ಮೊಮ್ಮಗಳ ಬಳೆಗಳನ್ನು ಮೊಳಕೈ ತನಕ ಮೇಲಕ್ಕೇರಿಸಿ ಬಿಗಿ ಮಾಡಿದಳು. ಬೀಸುವವಳು ಮೊದಲು ಮಾಡುವುದೇ ಇದು, ಇಲ್ಲವಾದರೆ ಗೂಟಕ್ಕೆ ಬಡಿದು ಗಾಜು ಒಡೆಯುತ್ತದೆ. ಭಾಗ್ಯ ಗೂಟ ಹಿಡಿದು ತಿರುಗಿಸಿದಳು. ಕಲ್ಲು ಗುರುಗುಟ್ಟಿತು, ಬಳೆಗಳು ಸುಮ್ಮನಿದ್ದವು.

"ಕೇಳ್ಸತಾವೇನು?"

"ಇಲ್ಲ."

"ಮತ್ತ? ಕಾಳ ಹಾಕಾಕಿ ಕೈ ಕೆಳಗ ಬಂದಾಗ ಬಳಿ ಜಾರತಾವ. ಅಕಿವು ಕೇಳ್ಸತಾವ ನಿನಗ. ತಾಳು, ಅಕ್ಕನ್ನ ಕರ್ಕೊಂಡು ಬರ್ತೀನಿ."

ಹೋಗಿ ಅಮೃತಮ್ಮನ ಕೈ ಹಿಡಿದು ತಂದಳು. ಆ ಮುದುಕಿ ಬರುವಾಗಲೇ ಬೈದುಕೊಂಡು ಬಂದಳು: "ಇದಕ್ಕೇನು ಹುಚ್ಚು ಹಿಡೀತ? ಉಂಡು ಮಕ್ಕೊಂಡಾಕಿನ್ನ ಎಬ್ಬಿಸಿ ಬೀಸು ಅಂತದ. ಏ ಹಣಮಿ, ಗಿರಣಿ ಸತ್ತದೇನು?"

ಆದರೂ ಕೂತಳು. ಕೂತವಳ ಕಾಲು ತಾನಾಗಿ ಚಾಚಿಕೊಂಡಿತು, ಕೈ ತಾನಾಗಿ ಗೂಟಕ್ಕೆ ಹೋಯಿತು. ಭಾಗ್ಯ ಎದ್ದು ಬಿಟ್ಟ ಜಾಗದಲ್ಲಿ ಹಣಮವ್ವ ಕೂತಳು, ಒಂದು ಕೈಯ ಮೇಲೆ ಇನ್ನೊಂದು ಕೈ. ಹಣಮವ್ವ ಮೊದಲ ಸಾಲು ಎತ್ತಿದಳು. ಸಾಲು ಮುಗಿಯಿತೋ ಇಲ್ಲವೋ, ಒಂದು ಉಸಿರೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಅಮೃತಮ್ಮ ಎರಡನೆಯದನ್ನು ಹಿಡಿದಳು.

ಗುಡುಗು ಕೇಳದ ಕಿವಿ ಅದು. ಭಾಗ್ಯ ತನ್ನ ಕಿವಿ ಮುಟ್ಟಿಕೊಂಡು, ಹೇಗೆ ತಿಳಿಯಿತು ಎಂದು ಕೈಯಲ್ಲೇ ಕೇಳಿದಳು.

"ಗೂಟ ಹೇಳ್ತದವ್ವಾ" ಅಂದಳು ಅಮೃತಮ್ಮ, ಇದೇನು ಕೇಳುವ ಮಾತೇ ಅನ್ನುವ ಹಾಗೆ. "ಅಕಿ ಸಾಲ ಮುಗೀತಂದ್ರ ಕೈ ಸಡಲ ಬಿಡ್ತಾಳ. ಆಗ ನಾ ಜಗ್ಗಬೇಕು. ಜಗ್ಗಿದ್ರ ಹಾಡ ಬರ್ತದ."

ಪುಸ್ತಕದಲ್ಲಿ ಸಾಲು ಮುರಿದ ಜಾಗವನ್ನು ಭಾಗ್ಯ ನೋಡಿದಳು. ಅಲ್ಲಿ ಖಾಲಿ ಕಾಗದ ಮಾತ್ರ ಇದೆ ಎಂದುಕೊಂಡಿದ್ದಳು. ಒಬ್ಬಳ ಬಲ ಇನ್ನೊಬ್ಬಳ ತೋಳಿಗೆ ದಾಟುವ ಜಾಗ ಅದು. ಅಷ್ಟರಲ್ಲಿ ಅಮೃತಮ್ಮನ ಎಡಗೈ ತೊಗರಿಯ ಬುಟ್ಟಿಗಿಳಿಯಿತು. ಬಳೆಗಳು ಜಾರಿ ಝಲ್ಲೆಂದವು. ಕಲ್ಲಿನ ಗುರುಗುರುವಿನ ನಡುವೆ ಎಷ್ಟು ಸ್ಪಷ್ಟ ಆ ಸದ್ದು! ಎದುರಿನವಳು ಇನ್ನೂ ಇದ್ದಾಳೆ, ಇನ್ನೂ ಎಚ್ಚರವಿದ್ದಾಳೆ, ಇನ್ನೂ ಕಾಳು ಹಾಕುತ್ತಿದ್ದಾಳೆ. ಅದನ್ನು ಕೇಳುತ್ತ ಕೇಳುತ್ತ ಹದಿನಾರು ವರ್ಷ ಇವರಿಬ್ಬರಿಗೆ ಬೆಳಗಾಗಿತ್ತು. ತವರಿನ ದಾರಿ ಕಾಣದ ಹುಡುಗಿಗೆ ಆ ಸದ್ದು ಏನಾಗಿತ್ತು ಎಂದು ಭಾಗ್ಯಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೂರನೇ ಸಾಲು ಬಂತು, ಹೋಯಿತು, ಕಲ್ಲಿನ ಗುರುಗುರುವಿನಲ್ಲಿ ದನಿ ಯಾರದೆಂದು ಭಾಗ್ಯಳಿಗೆ ತಿಳಿಯಲಿಲ್ಲ. ಕಲ್ಲು ನಿಂತ ಮೇಲೆ ಅವಳು ಕೇಳಿದಳು: "ಕಡೀ ಸಾಲು ಯಾರದು?"

"ಅಕ್ಕಂದು" ಅಂದಳು ಹಣಮವ್ವ.

ಭಾಗ್ಯ ಮೂರು ಬೆರಳು ತೋರಿಸಿ ಅಮೃತಮ್ಮನನ್ನು ಕೇಳಿದಳು. "ಹಣಮಿದು. ಯಾವತ್ತೂ ಅಕೀನೇ ಹಾಡಾಕಿ" ಅಂದಳು ಅಮೃತಮ್ಮ.

ಗುರುವಾರ ಭಾಗ್ಯ ಓದಿದಳು. ಒಂದೂವರೆ ಪುಟವಷ್ಟೇ ಇತ್ತು. ಕಾಲೇಜಿನ ಹುಡುಗಿಯರು ಎರಡನೇ ಸಾಲಿನ ವಿವರಣೆಗೆ ಗೊಳ್ಳೆಂದು ನಕ್ಕು, ಬಳೆಯ ವಿವರಣೆಗೆ ಬಂದಾಗ ತಮ್ಮ ಬಳೆಗಳನ್ನು ಮೇಲೇರಿಸಿ ನೋಡಿಕೊಂಡರು. ಹರಿಪ್ರಿಯಾ ಮೇಡಂ ಹನ್ನೊಂದು ವರ್ಷದಿಂದ ಆ ಪದ್ಯವನ್ನು ಒಬ್ಬ ಹೆಣ್ಣಿನ ಅಳು ಎಂದೇ ಪಾಠ ಮಾಡಿದ್ದರು. ಪುಸ್ತಕ ತೆಗೆದು, ಹೊಸದಾಗಿ ಸಿಕ್ಕ ಪದ್ಯವೇನೋ ಎಂಬಂತೆ ಮೂರು ಸಾಲನ್ನೂ ತುಟಿಯಲ್ಲೇ ಓದಿಕೊಂಡರು.

"ಬೆರಳಿಟ್ಟು ತೋರ್ಸಿದಿ. ಒಂದು ಕೇಳ್ತೀನಿ. ಮೂರನೇ ಸಾಲು ಯಾರು ಹಾಡ್ತಾರ?"

"ಗೊತ್ತಿಲ್ರಿ ಮೇಡಂ. ಕೇಳಿದ್ರ ಇಬ್ಬರೂ ನಂದಲ್ಲ, ಅಕಿದು ಅಂತಾರ್ರಿ. ನಾ ನೋಡ್ದಾಗ ಮಾತ್ರ ಇಬ್ಬರ ತುಟೀನೂ ಅಲುಗತಿದ್ದವ್ರಿ."

ಮೇಡಂ ತಮ್ಮ ಪುಸ್ತಕದಲ್ಲಿ ಆ ಸಾಲಿನ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದರು. ಆಮೇಲೆ, "ಹಂಗೇ ಬರಿ. ಅದಕ್ಕ ಉತ್ತರ ಹಚ್ಚಬ್ಯಾಡ" ಅಂದರು.

ಸಂಜೆ ಭಾಗ್ಯ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. ಹಣಮವ್ವ ಪೂರ್ತಿ ಕೇಳಿಸಿಕೊಂಡಳು, ಆದರೆ ಒಂದಕ್ಕೆ ಒಪ್ಪಲಿಲ್ಲ.

"ಗೊತ್ತಿಲ್ಲಂತ ಯಾಕ ಬರದಿ? ಅದು ಅಕ್ಕನ ಸಾಲೇ. ನಾ ಬರೇ ಕೇಳಾಕಿ."